ಹೆಸರಿನ ಕಾಲಮ್ಮಿನಲ್ಲಿ ಯಂಕಮ್ಮನ ಗಂಡ

ಗೆಳೆಯರೇ, ಇವತ್ತು ಲಿಂಗಸುಗೂರಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಬೈಸಿಕೊಂಡದ್ದು ಒಬ್ಬ ಹೆಂಡತಿಯ ಮರ್ಯಾದೆಯಿಂದಾಗಿ.

ಸ್ಕ್ಯಾನ್ ಚಿತ್ರದ ಪ್ರತಿ ಫೈಲಿನೊಳಗೂ ರೋಗಿಯ ಹೆಸರು, ವಯಸ್ಸು, ತಾರೀಖು ಅಡಗಿರುತ್ತವೆ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಹೊಡೆದರೆ ಅವೆಲ್ಲ ಹೊರಬಂದು ಟೇಬಲ್ ಆಗುತ್ತವೆ. ಇವತ್ತಿನ ಟೇಬಲ್ಲಿನಲ್ಲಿ ಒಬ್ಬ ರೋಗಿಯ ಹೆಸರು ‘ಯಂಕಮ್ಮನ ಗಂಡ’ ಎಂದು ಬಂತು.

“ಇದೊಂದು ಹೆಸರೇನ್ರೀ? ರಾಯಚೂರ ದೊಡ್ಡ ಡಾಕ್ಟರಿಗೆ ಸೀಡಿ ಹಿಂಗ ಕಳಸ್ಲೇನು? ಒಬ್ಬನ ತಲಿ ಸ್ಕ್ಯಾನ್ ಇನ್ನೊಬ್ಬನ ಹೆಸರಿಗೆ ಹೋದ್ರ?” ನಮ್ಮ ಡಾಕ್ಟರು ನನ್ನ ಮೇಲೆ ರೇಗಿದರು.

ಆತ ಗುರುಗುಂಟಾದವನು. ಬೆಳಿಗ್ಗೆ ಬೈಕಿನಿಂದ ಬಿದ್ದು ಎಚ್ಚರ ತಪ್ಪಿದ್ದ. ಹೆಸರು ಬರೆಸಿದವಳು ಹೆಂಡತಿ ಯಂಕಮ್ಮ. ಹೊರಗೆ ಬೆಂಚಿನ ಮೇಲಿದ್ದ ಆಕೆಯನ್ನೇ ಕೇಳಿದೆ.

“ಗಂಡನ ಹೆಸರ ನಾ ಬಾಯಿಲೆ ಹೆಂಗ ಹೇಳ್ಲಿ ಯಣ್ಣಾ? ನಮ್ಮೂರ ದೇವರ ಹೆಸರ ಐತ್ರೀ,” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಗುರುಗುಂಟಾದ ದೇವರೆಂದರೆ ಅಮರೇಶ! ತಿದ್ದಲು ಒಳಗೆ ಓಡಿದೆ. ಒಳಗೆ ಮಂಚದ ಮೇಲಿದ್ದ ಆತನಿಗೆ ಆಗಲೇ ಎಚ್ಚರವಾಗಿತ್ತು. ಡಾಕ್ಟರ ಕೂಗಾಟವನ್ನೆಲ್ಲ ಕೇಳಿಸಿಕೊಂಡು ಮಲಗಿದ್ದ.

“ತಿದ್ದಬ್ಯಾಡ್ರೀ ಸರ. ಅಮರೇಶ ಅಂದ್ರ ನಮ್ಮೂರಾಗ ಮನಿಗೊಬ್ಬ ಅದಾನ. ಯಂಕಮ್ಮನ ಗಂಡ ಅಂದ್ರ ನಾ ಒಬ್ಬನ!”

ಡಾಕ್ಟರು ನಕ್ಕುಬಿಟ್ಟರು. ಈಗ ಟೇಬಲ್ಲಿನಲ್ಲಿ ಅಮರೇಶನೂ ಇದ್ದಾನೆ, ಪಕ್ಕದಲ್ಲಿ ಯಂಕಮ್ಮನ ಗಂಡನೂ ಇದ್ದಾನೆ.

ಮನೆಗೆ ಬಂದು ನಮ್ಮವಳಿಗೆ ಇದನ್ನೆಲ್ಲ ಹೇಳಿ, “ನಾ ಬಿದ್ರ ನೀ ಏನಂತ ಬರಸ್ತೀ?” ಎಂದು ಕೇಳಿದೆ.

“ಅದಿರ್ಲಿ, ಮೊದಲ ನೀವು ಗಾಡಿ ಮೆಲ್ಲಕ ಹೊಡೀರಿ,” ಅಂದಳು.