ಫ್ಲೈಓವರ್ ಕಡೆಯ ಕಿಟಕಿ

ಚಾಮರಾಜಪೇಟೆಯ ನಮ್ಮ ಮೇಲಿನ ಮಹಡಿಯಲ್ಲಿರುವ ಸರ್ವಮಂಗಳಮ್ಮನವರು ಊಟ ಬಿಟ್ಟಾದರೂ ಇದ್ದಾರು, ಮಾತು ಬಿಟ್ಟು ಇರಲಾರರು. ಅಂಥವರ ಅಡುಗೆಮನೆ ಕಿಟಕಿಗೇ ಫ್ಲೈಓವರ್ ಬಂದು ಅಂಟಿಕೊಂಡಿತ್ತು. ಹೊಗೆ, ಹಾರ್ನು, ಅದರ ಮೇಲೆ ಜಾಮ್‌ನಲ್ಲಿ ನಿಂತ ಬಸ್ಸಿನವರೆಲ್ಲ ಇವರ ಒಗ್ಗರಣೆಯನ್ನೇ ನೋಡುವುದು. ವರ್ಷಗಟ್ಟಲೆ ಆ ಕಿಟಕಿ ತೆರೆಯಲೇ ಇಲ್ಲ. ಮಂಡಿನೋವಿನಿಂದ ಮೆಟ್ಟಿಲು ಇಳಿಯುವುದೂ ನಿಂತ ಮೇಲೆ ಮಾತಿಗೆ ಉಳಿದವರು ಯಜಮಾನರು ರೇವಣಸಿದ್ದಯ್ಯನವರೊಬ್ಬರೇ. ಅವರೋ ಚಿಕ್ಕಪೇಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಹರಟಿ, ಮನೆಗೆ ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುವವರು.

ಆಮೇಲೆ ಬೇರೆ ಕಡೆ ರಸ್ತೆಯಾಯಿತು. ಫ್ಲೈಓವರಿನ ಮೇಲೆ ಗಾಡಿಗಳ ಓಡಾಟ ನಿಲ್ಲಿಸಿ, ಮಣ್ಣು ತುಂಬಿ, ಗಿಡ ನೆಟ್ಟು ಪಾರ್ಕ್ ಮಾಡಿದರು. ಕಿಟಕಿ ತೆರೆಯಿತು. ವಾಕಿಂಗ್ ಬರುವ ಅರ್ಧ ಪೇಟೆಯವರ ಸೊಸೆಯ ಕಾಟ, ಶುಗರ್ ಕಾಯಿಲೆ ಎಲ್ಲಾ ಇವರಿಗೆ ಕಂಠಪಾಠ. ಕಂಬಿಯಾಚೆಯಿಂದ ಕೈ ಚಾಚಿದವರಿಗೆ ಇವರ ಚಕ್ಕುಲಿ. ಅದು ನನಗೆ ಬರಬೇಕಾದ ಚಕ್ಕುಲಿ. ಆದರೂ ಅವರ ಮುಖದ ಕಳೆ ನೋಡಿ ಖುಷಿಯಾಗಿ ಸುಮ್ಮನಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ರೇವಣಸಿದ್ದಯ್ಯನವರು ಬೀಗುತ್ತಾ ಬಂದರಂತೆ. ಕಂಡವರೆಲ್ಲ ಹೆಂಡತಿಯನ್ನು ಇಣುಕಿ ನೋಡುತ್ತಾರೆಂದು ಪಾರ್ಕಿನವರಿಗೆ ಹೇಳಿ, ಕಿಟಕಿಗೆ ಅಡ್ಡವಾಗಿ ಬಿದಿರು ನೆಡಲು ಒಪ್ಪಿಸಿದ್ದರು. ಇನ್ನು ನೆಮ್ಮದಿಯಾಗಿ ಅಡುಗೆ ಮಾಡಿಕೋ ಎಂದರಂತೆ. ಸರ್ವಮಂಗಳಮ್ಮನವರು ತಲೆಯಾಡಿಸಿ ಎಳ್ಳು ಹುರಿಯಲು ಹೋದರಂತೆ. ಗಂಡ ಪ್ರೀತಿಯಿಂದ ಮಾಡಿದ್ದನ್ನು ಬೇಡವೆನ್ನುವುದು ಹೇಗೆ?

ಹಬ್ಬದ ಬೆಳಿಗ್ಗೆಯೇ ಆಳುಗಳು ಗುಂಡಿ ತೋಡಲು ಬಂದರು. ನಾನು ಎಳ್ಳು ಬೀರಲು ಹೋದಾಗ ಸರ್ವಮಂಗಳಮ್ಮನವರು ಗಂಡನ ಅಂಗೈಗೆ ಎಳ್ಳುಬೆಲ್ಲ ಹಾಕುತ್ತಿದ್ದರು.

"ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡ್ಬೇಕಲ್ವಾ? ಹೋಗಿ ಅವ್ರಿಗೆ ಗಿಡ ಬೇಡ ಅಂದ್ಬಿಡಿ. ನೀವು ಬರೋ ತನಕ ನಂಗೆ ಆ ಕಿಟಕಿನೇ ದಿಕ್ಕು."

ರೇವಣಸಿದ್ದಯ್ಯನವರು ಬಾಯಲ್ಲಿದ್ದದ್ದನ್ನು ನುಂಗಿ, ಚಪ್ಪಲಿ ಮೆಟ್ಟಿ ಹೊರಟೇಹೋದರು. ಕೋಪ ಬಂದಿರಬೇಕು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಕಂಬಿಯಾಚೆ ಕಾಣಿಸಿಕೊಂಡರು. ತೋಡಿದ್ದ ಗುಂಡಿ ಮುಚ್ಚಿಸಿ, ಕಿಟಕಿಯತ್ತ ತಿರುಗಿ, ಹೆಂಡತಿಯನ್ನು ನೋಡುತ್ತಾ ನಿಂತರು. ಹಬ್ಬದ ದಿನವೂ ಅಂಗಡಿ ತೆರೆಯುವ ಮನುಷ್ಯ. ಹೊತ್ತಾಗಲಿಲ್ಲವೇ ಎಂದು ಸರ್ವಮಂಗಳಮ್ಮನವರು ಮೆಲ್ಲಗೆ ಕೇಳಿದರು.

"ಇವತ್ತು ತೆಗೆಯಲ್ಲ ಮಂಗಳಾ. ದಿನಾ ಈ ವಾಕಿಂಗ್‌ನವ್ರ ಹತ್ರ ಏನ್ ಮಾತಾಡ್ತೀಯೋ ಅದ್ನೇ ಮಾತಾಡು, ಕೇಳ್ತೀನಿ."