ಗುಡುಗಕ್ಕನ ಟರ್ಬೊ

ಟ್ಯಾಕ್ಸಿ ಸ್ಟ್ಯಾಂಡಿನವರು ಅವಳನ್ನು ಗುಡುಗಕ್ಕ ಎನ್ನುತ್ತಿದ್ದುದು ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವಷ್ಟು ಗುಂಡಿಗೆ ಅಲ್ಲಿ ಯಾರಿಗೂ ಇರಲಿಲ್ಲ. ಅವಳಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದಳು. ಅವಳ ತಾಯಿಯೇ ಹೇಳುತ್ತಿದ್ದಳಂತೆ: "ಎಲ್ಲಾ ಮಕ್ಕಳು ಹುಟ್ಟುವಾಗ ಅಳ್ತವೆ, ಇವಳು ಬೈದ್ಲು." ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಕಾಲದಲ್ಲಿ ಮೇಸ್ತ್ರಿಯೊಬ್ಬ ಹುಡುಗಿಯರ ಊಟದ ಹೊತ್ತನ್ನು ಮೊಟಕು ಮಾಡಿದ. ಎಲ್ಲರೂ ಗೊಣಗಿಕೊಂಡು ಸುಮ್ಮನಾದರು. ಇವಳು ಮಾತ್ರ ಒಂದು ಟ್ರೇ ಬಿಸ್ಕತ್ತನ್ನು ಅವನ ಮೇಜಿನ ಮೇಲೆ ಸುರಿದು, "ನೀವೇ ತಿನ್ನಿ, ನಮಗೆ ಹೊತ್ತಿಲ್ಲ" ಎಂದು ಗೇಟು ದಾಟಿ ಬಂದಿದ್ದಳು. ಆಮೇಲೆ ಕಲಿತದ್ದೇ ಡ್ರೈವಿಂಗು.

ಅವಳ ಅಕ್ಕ ಇದಕ್ಕೆ ತದ್ವಿರುದ್ಧ. ಯಾರು ಏನೆಂದರೂ "ಹೋಗ್ಲಿ ಬಿಡು" ಎನ್ನುವ ಜೀವ. ಮನೆಯವರು ಅಕ್ಕ ಬೆಣ್ಣೆ, ತಂಗಿ ಬೆಂಕಿ ಎಂದು ನಗುತ್ತಿದ್ದರು. ಬೆಣ್ಣೆಯಂಥ ಅಕ್ಕನನ್ನು ಮದುವೆಯಾದವನು ಒಬ್ಬ ಮೆಕ್ಯಾನಿಕ್. ಮನೆಯ ಮುಂದೆಯೇ ಅವನ ಗ್ಯಾರೇಜು.

ಊರು ಎರಡು ಪಾಲಾಗಿತ್ತು. ಬಸ್ಸು, ಅಂಗಡಿ, ಮನೆಗಳೆಲ್ಲ ಕೆಳಗೆ. ಆಸ್ಪತ್ರೆ, ಕೋರ್ಟು, ಕಚೇರಿಗಳೆಲ್ಲ ಮೇಲೆ. ನಡುವೆ ಒಂದು ಕಡಿದಾದ ಏರು, ಸುತ್ತಿ ಸುತ್ತಿ ಹತ್ತುವ ರಸ್ತೆ. ಗುಡುಗಕ್ಕನದು ಹಳೆಯ ಡೀಸೆಲ್ ಕಾರು. ಮಟ್ಟಸ ರಸ್ತೆಯಲ್ಲಿ ಅದಕ್ಕೆ ಯಾವ ತಕರಾರೂ ಇರಲಿಲ್ಲ. ಏರು ಕಂಡರೆ ಮಾತ್ರ ಕೆಲಸಗಳ್ಳನ ಹಾಗೆ ಕೆಮ್ಮತೊಡಗುತ್ತಿತ್ತು. ಸೀಟು ಭರ್ತಿಯಾಗಿದ್ದರೆ ಮೂರನೆಯ ತಿರುವಿನಲ್ಲಿ ಏದುಸಿರು ಬಿಟ್ಟು ನಿಂತೇ ಬಿಡುತ್ತಿತ್ತು. ಪಕ್ಕದಲ್ಲಿ ಹಾದುಹೋಗುವ ಡ್ರೈವರುಗಳಲ್ಲಿ ಉದ್ದ ಮೀಸೆಯವನೊಬ್ಬ ಪ್ರತಿಸಲವೂ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ಹಗ್ಗ ಬೇಕಾ?" ಎಂದು ಕೇಳಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಕಾರಿನ ತುಂಬ ಜನ, ಡಿಕ್ಕಿಯ ತುಂಬ ಸಾಮಾನು. ಮುಂದಿನ ಸೀಟಿನಲ್ಲಿ ದರ್ಜಿ ತಾತ. ಮೊಣಕಾಲಿನ ನೋವಿಗಾಗಿ ಆಗಾಗ ಮೇಲಿನ ಆಸ್ಪತ್ರೆಗೆ ಹೋಗುವ ಮುದುಕ, ಅವಳ ಕಾಯಂ ಗಿರಾಕಿ. ಮೂರನೆಯ ತಿರುವಿನಲ್ಲಿ ಕಾರು ನಿಂತಿತು. ಹಿಂದಿನ ಸೀಟಿನ ದಷ್ಟಪುಷ್ಟ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬನೂ ಮಿಸುಕಲಿಲ್ಲ. ತಾತನೇ ಬಾಗಿಲು ತೆಗೆದ.

"ನಾನು ನಡೀತೀನಿ ಬಿಡಮ್ಮ. ಈ ಕಾಲುಗಳೂ ಕೂತು ಕೂತು ಸೋಮಾರಿ ಆಗಿವೆ."

ಭಾರ ಇಳಿದ ಕಾರು ಹೇಗೋ ತೆವಳಿತು. ಕನ್ನಡಿಯಲ್ಲಿ ಅವಳಿಗೆ ಕಂಡದ್ದು, ರಸ್ತೆ ಬದಿಯ ಗೋಡೆಗೆ ಕೈಕೊಟ್ಟು ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದ ಮುದುಕ. ಮೇಲೆ ತಲುಪಿದ ಮೇಲೆ ಹಿಂದಿನ ಸೀಟಿನವರನ್ನು ಅವಳು ಬೈದ ಪರಿ ಹೇಗಿತ್ತೆಂದರೆ, ಅವರು ಚಿಲ್ಲರೆಯನ್ನೂ ಕೇಳದೆ ಓಡಿದರು. ಆದರೂ ಹೊಟ್ಟೆಯೊಳಗಿನ ಬೆಂಕಿ ಆರಲಿಲ್ಲ. ಕಾಲು ಸೋತವನಿಗೆ ಕಾಲಾಗಬೇಕಾದ ಕಾರು ಅವನನ್ನೇ ಇಳಿಸಿ ನಡೆಸಿತಲ್ಲ ಎಂದು ಹಲ್ಲು ಕಡಿದಳು. ಸೀದಾ ಭಾವನ ಗ್ಯಾರೇಜಿಗೆ ಬಂದಳು.

"ಭಾವ, ಇದಕ್ಕೆ ಏನಾದ್ರೂ ಮಾಡಿ. ಇಲ್ಲಾಂದ್ರೆ ಆ ತಿರುವಿನಿಂದಲೇ ಕೆಳಕ್ಕೆ ತಳ್ಳಿಬಿಡ್ತೀನಿ."

ಭಾವನ ಕೈ ಚುರುಕು, ಮಾತು ಜೇನು. ಬಾನೆಟ್ಟು ಎತ್ತಿ, ಎಂಜಿನ್ನಿಗೆ ಮಗುವಿಗೆ ತಟ್ಟುವಂತೆ ತಟ್ಟಿದ. "ಪಾಪ, ಇದಕ್ಕೆ ಉಸಿರು ಸಾಲ್ತಾ ಇಲ್ಲ ಅಷ್ಟೆ. ಟರ್ಬೊ ಕೂರಿಸೋಣ. ಎಂಜಿನ್ನಿನ ಹೊಗೆ ಹೊರಗೆ ಹೋಗ್ತಾ ಒಂದು ಪುಟ್ಟ ಫ್ಯಾನು ತಿರುಗಿಸುತ್ತೆ. ಅದೇ ಕಡ್ಡಿಗೆ ಇನ್ನೊಂದು ಫ್ಯಾನು. ಅದು ಗಾಳಿ ಒತ್ತಿ ಒಳಗೆ ತಳ್ಳುತ್ತೆ. ಉಸಿರು ಹೆಚ್ಚಾದ್ರೆ ಬಲ ಹೆಚ್ಚು."

"ದುಬಾರಿಯೇನೋ?"

"ಹೊಸದು ನಮ್ಮಂಥವರಿಗಲ್ಲ. ಗುಜರಿಯಲ್ಲಿ ಒಂದು ಒಳ್ಳೇದು ಹುಡುಕಿ ತಾ. ಕೂರಿಸೋದು ನನಗೆ ಬಿಡು. ಮನೆಯವಳ ಹತ್ತಿರ ಕೂಲಿ ತಗೋತೀನಾ?"

ಒಳ್ಳೆಯದನ್ನು ಗುರುತಿಸುವುದನ್ನೂ ಅವನೇ ಹೇಳಿಕೊಟ್ಟ. ನಡುವಿನ ಕಡ್ಡಿಯನ್ನು ಹಿಡಿದು ಆಡಿಸಬೇಕು. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಚಿಂತೆಯಿಲ್ಲ. ಹಿಂದೆ ಮುಂದೆ ಸರಿದರೆ, ಫ್ಯಾನಿನ ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡರೆ, ಮುಟ್ಟಲೇಬಾರದು.

ಗುಜರಿಯವನು ಅವಳನ್ನು ಕಂಡು ಮೊದಲು ಹಲ್ಲುಕಿರಿದ. ಒಂದರ ಹಿಂದೊಂದು ಸವೆದ ಮಾಲನ್ನೇ ಕೈಗೆ ಕೊಟ್ಟ. ಅವಳು ಒಂದೊಂದನ್ನೂ ಆಡಿಸಿ, ಬೆರಳಲ್ಲಿ ರೆಕ್ಕೆ ಸವರಿ, ಅವನ ಕಾಲ ಬುಡಕ್ಕೇ ಎಸೆದಳು. ಕೊನೆಗೆ ತಾನೇ ತುಕ್ಕಿನ ರಾಶಿಗೆ ಇಳಿದಳು. ಅಪಘಾತದಲ್ಲಿ ಮುಂಭಾಗ ಜಜ್ಜಿಹೋಗಿದ್ದ ಹಾಲಿನ ವ್ಯಾನೊಂದರ ಅಡಿಯಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ರೆಕ್ಕೆಗಳು ನೆಟ್ಟಗಿದ್ದವು, ಕಡ್ಡಿ ಬಿಗಿಯಾಗಿತ್ತು. ಗಾಳಿ ಎಳೆಯುವ ಬಾಯಿಯ ಅಂಚಿನಲ್ಲಿ ಮಾತ್ರ ಅಪಘಾತದ ಒಂದು ಗಾಯ, ಉಗುರಿನಾಕಾರದ್ದು. ಮನೆಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಟವೆಲ್ಲಿನಲ್ಲಿ ಒರೆಸಿ, ಅಡುಗೆಮನೆಯ ಕಪಾಟಿನಲ್ಲಿ ಪಾತ್ರೆಗಳ ನಡುವೆ ಇಟ್ಟಳು. ಗುಜರಿಯ ಸಾಮಾನನ್ನು ಹೊಸ ಸೊಸೆಯ ಹಾಗೆ ನೋಡಿಕೊಳ್ಳುತ್ತೀಯಲ್ಲ ಎಂದು, ನೋಡಲು ಬಂದಿದ್ದ ಅಕ್ಕ ನಕ್ಕಳು.

ಭಾವ ಕೆಲಸ ಶುರುಮಾಡಿದ. ದಪ್ಪ ಕಬ್ಬಿಣದ ತಗಡಿನಲ್ಲಿ ತೂತು ಕೊರೆಸಿ ಟರ್ಬೊ ಕೂರಲು ಪಟ್ಟಿ ಮಾಡಿಸಿದ. ಹಳೆಯ ಲಾರಿಯ ರಬ್ಬರು ಪೈಪನ್ನೇ ಕತ್ತರಿಸಿ ಗಾಳಿಗೆ ದಾರಿ ಮಾಡಿದ. ಟರ್ಬೊಗೆ ಎಣ್ಣೆ ಕೊಡಲು ಒಂದು ಸಣ್ಣ ನಳಿಗೆ, ಆ ಎಣ್ಣೆ ಮರಳಿ ಎಂಜಿನ್ನಿನ ತಳಕ್ಕೆ ಇಳಿಯಲು ಒಂದು ದಪ್ಪ ನಳಿಗೆ. ಕೆಲಸ ಬಲ್ಲವನು, ಅದರಲ್ಲಿ ಅನುಮಾನವಿರಲಿಲ್ಲ. ಅವಳು ದಿನವೂ ಬಂದು ಪಕ್ಕದಲ್ಲಿ ನಿಂತು ನೋಡಿದಳು. ಟರ್ಬೊ ಕೂರಿಸುವ ದಿನ ಮಾತ್ರ ಭಾವ, "ನಾಳೆ ಬಾ, ಇವತ್ತೆಲ್ಲ ವೆಲ್ಡಿಂಗು, ಕಣ್ಣಿಗೆ ಒಳ್ಳೇದಲ್ಲ" ಎಂದು ಕಳಿಸಿದ.

ಮರುದಿನ ಕಾರು ಏರನ್ನು ಹತ್ತಿದ ರೀತಿಗೆ ಅವಳೇ ಬೆರಗಾದಳು. ಮೂರನೆಯ ತಿರುವು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಉದ್ದ ಮೀಸೆಯವನನ್ನು ಹಿಂದೆ ಹಾಕುವಾಗ ಹಾರ್ನು ಒತ್ತಿಹಿಡಿದೇ ಹೋದಳು. ಆದರೆ ಕೆಲವೇ ದಿನಗಳಲ್ಲಿ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಎಂಜಿನ್ ಎಣ್ಣೆ ಕುಡಿಯುತ್ತಿತ್ತು. ಭಾವನನ್ನು ಕೇಳಿದರೆ, "ಹೊಸದಾಗಿ ಕೂರಿಸಿದ್ದು ನೋಡು, ಹೊಂದ್ಕೊಳ್ಳೋಕೆ ಸ್ವಲ್ಪ ದಿನ ಬೇಕು" ಎಂದ. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅದನ್ನು ಅವಳು ಆಮೇಲೆ ನೆನೆದಳು; ಆಗ ನಂಬಿದಳು.

ಅದೊಂದು ಮಧ್ಯಾಹ್ನ ದರ್ಜಿ ತಾತನೊಬ್ಬನನ್ನೇ ಕೂರಿಸಿಕೊಂಡು ಹತ್ತುತ್ತಿದ್ದಳು. ಎರಡನೆಯ ತಿರುವಿನಲ್ಲಿ ಬಾನೆಟ್ಟಿನೊಳಗೆ ಏನೋ ಕರ್ರೆಂದಿತು. ಮರುಕ್ಷಣ ಎಂಜಿನ್ ಕಿರುಚತೊಡಗಿತು. ಅವಳು ಎಕ್ಸಲರೇಟರಿನಿಂದ ಕಾಲು ತೆಗೆದಳು. ಕಿರುಚಾಟ ಇನ್ನೂ ಏರಿತು. ಕ್ಲಚ್ಚು ಒತ್ತಿ ಕೀಲಿ ತಿರುಗಿಸಿದಳು; ನಿಲ್ಲಲಿಲ್ಲ. ಟರ್ಬೊದ ಕಡ್ಡಿ ಮುರಿದು, ಎಂಜಿನ್ನಿನ ಎಣ್ಣೆಯೆಲ್ಲ ಗಾಳಿಯ ಪೈಪಿನೊಳಗೆ ನುಗ್ಗಿತ್ತು. ಎಂಜಿನ್ ಅದನ್ನೇ ಡೀಸೆಲ್ಲಿನ ಹಾಗೆ ಉರಿಸುತ್ತಿತ್ತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಪ್ರಪಾತ.

"ತಾತ, ಗಟ್ಟಿಯಾಗಿ ಹಿಡ್ಕೊಳ್ಳಿ!"

ಸ್ಟ್ಯಾಂಡಿನ ಹಳೆಯ ಡ್ರೈವರೊಬ್ಬ ಎಂದೋ ಹೇಳಿದ್ದು ಅವಳಿಗೆ ಹೊಳೆಯಿತು. ಕೊನೆಯ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು, ಕ್ಲಚ್ಚಿನಿಂದ ಫಕ್ಕನೆ ಕಾಲು ತೆಗೆದಳು. ಕಾರು ಹುಚ್ಚು ಗೂಳಿಯ ಹಾಗೆ ಮುಗ್ಗರಿಸಿತು. ಕ್ಲಚ್ಚು ಸುಟ್ಟ ನಾತ ಮೂಗಿಗೆ ಅಡರಿತು. ಎಂಜಿನ್ ಒಮ್ಮೆ ನರಳಿ, ಸತ್ತುಹೋಯಿತು.

ಆ ಮೌನದಲ್ಲಿ ತಾತನ ದನಿ ಕೇಳಿಸಿತು. "ಈ ಪ್ಯಾಂಟು ನಾನೇ ಹೊಲಿದದ್ದಮ್ಮ. ಇವತ್ತು ಇದರ ಹೊಲಿಗೆ ಗಟ್ಟಿ ಅಂತ ಗೊತ್ತಾಯ್ತು."

ಅವಳಿಗೆ ನಗು ಬರಲಿಲ್ಲ. ಹೊಗೆ ಅಡಗಿದ ಮೇಲೆ ಬಾನೆಟ್ಟು ಎತ್ತಿ, ರಬ್ಬರು ಪೈಪು ಬಿಚ್ಚಿ, ಟರ್ಬೊದ ಬಾಯಿಗೆ ಬೆರಳಿಟ್ಟಳು. ರೆಕ್ಕೆಗಳು ನುಚ್ಚುನೂರಾಗಿದ್ದವು. ಅಂಚನ್ನು ಸುತ್ತ ಸವರಿದಳು. ಮತ್ತೊಮ್ಮೆ ಸವರಿದಳು. ಅಂಚು ನುಣ್ಣಗಿತ್ತು. ಉಗುರಿನಾಕಾರದ ಗಾಯ ಎಲ್ಲೂ ಇರಲಿಲ್ಲ. ಅವಳು ತಂದುಕೊಟ್ಟ ಟರ್ಬೊ ಇದಾಗಿರಲೇ ಇಲ್ಲ.

ಹಿಂದಿನಿಂದ ಬಂದ ಉದ್ದ ಮೀಸೆಯವನು ಕಾರು ನಿಲ್ಲಿಸಿದ. ಈ ಸಲ ಬಾಯಿ ಬಿಡಲಿಲ್ಲ. ಅವಳ ಮುಖ ನೋಡಿ, ಡಿಕ್ಕಿಯಿಂದ ಹಗ್ಗ ತೆಗೆದು ಕಟ್ಟಿದ.

ಗ್ಯಾರೇಜಿನ ಮುಂದೆ ಹಗ್ಗ ಬಿಚ್ಚಿದಾಗ ಭಾವ ಯಾವುದೋ ಚಕ್ರ ಕಳಚುತ್ತಿದ್ದ. ಅವಳು ಕಾರನ್ನು ಷಟರಿನ ಬಾಯಿಗೆ ಅಡ್ಡಲಾಗಿ ಉರುಳಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು ಇಳಿದಳು.

"ನನ್ನ ಟರ್ಬೊ ಎಲ್ಲಿ ಭಾವ?"

"ಏನಾಯ್ತಮ್ಮ? ಒಳಗೆ ಬಾ, ಮೊದಲು ನೀರು ಕುಡಿ..."

"ನೀರು ಬೇಡ. ನನ್ನ ಟರ್ಬೊ ಎಲ್ಲಿ?"

ಅದೇ ಇದು ಎಂದ. ಹಾಗಾದರೆ ಅಂಚಿನ ಗಾಯ ಎಲ್ಲಿ ಎಂದು ಕೇಳಿದಳು. ಬಿಸಿಗೆ ಕರಗಿರಬೇಕು ಎಂದ. ಅವನ ಮಾತಿನ ಜೇನು ಅವಳ ಕಣ್ಣಿನ ಮುಂದೆ ನೀರಾಗುತ್ತಾ ಹೋಯಿತು. ಕೊನೆಗೆ ಕೈ ಒರೆಸುವ ಬಟ್ಟೆಯನ್ನೇ ನೋಡುತ್ತಾ ಹೇಳಿದ: "ಮರದ ಮಿಲ್ಲಿನ ಯಜಮಾನರ ವ್ಯಾನು ಟರ್ಬೊ ಕೆಟ್ಟು ಬಂದಿತ್ತು. ಆವತ್ತೇ ಬೇಕು ಅಂತ ಹಟ ಹಿಡಿದ್ರು. ದೊಡ್ಡ ಗಿರಾಕಿ, ಕೈ ತಪ್ಪಿಹೋಗ್ತಿತ್ತು. ನಿನ್ನದನ್ನ ಅದಕ್ಕೆ ಹಾಕಿದೆ. ನಿನಗೆ ಸದ್ಯಕ್ಕೆ ಇರ್ಲಿ ಅಂತ ಗ್ಯಾರೇಜಿನ ಕಪಾಟಲ್ಲಿ ಬಿದ್ದಿದ್ದ ಹಳೇದನ್ನ ಕೂರಿಸಿದೆ. ಬೇರೆ ಸಿಕ್ಕ ಕೂಡಲೇ ಬದಲಾಯಿಸ್ತಿದ್ದೆ. ನೀನು ಮನೆಯವಳಲ್ವಾ, ತಡ್ಕೋತೀಯ ಅಂದ್ಕೊಂಡೆ."

"ಮನೆಯವಳು!" ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು. "ಹೊರಗಿನವನಿಗೆ ಗಟ್ಟಿ ಮಾಲು, ಮನೆಯವಳಿಗೆ ಕೊಳೆತದ್ದು! ಹೊರಗಿನವನು ಸತ್ತರೆ ಕೇಸಾಗುತ್ತೆ, ಮನೆಯವಳು ಸತ್ತರೆ ನಾಲ್ಕು ಹನಿ ಕಣ್ಣೀರು ಸಾಕು, ಅಲ್ವಾ ಭಾವ? ಆ ಸವೆದ ಕಡ್ಡಿ ಮುಟ್ಟಬಾರದು ಅಂತ ನನಗೆ ಹೇಳಿಕೊಟ್ಟದ್ದೇ ನೀವು. ಗೊತ್ತಿದ್ದೂ ಕೂರಿಸಿದ್ರಿ. ಪಕ್ಕದಲ್ಲಿ ಈ ಮುದುಕ ಕೂತಿದ್ರು, ಕೆಳಗೆ ಪ್ರಪಾತ!"

ಅಕ್ಕ ಲೋಟ ಹಿಡಿದು ಓಡಿಬಂದಳು. "ಒಳಗೆ ಬಾರೇ, ಬೀದೀಲಿ ಬೇಡ. ಹೋಗ್ಲಿ ಬಿಡು..."

"ಬೀದೀಲೇ ಸಾಯ್ತಿದ್ದೆ ಅಕ್ಕ. ಮಾತೂ ಬೀದೀಲೇ ಆಗ್ಲಿ."

ಅಕ್ಕ ಲೋಟ ಹಿಡಿದುಕೊಂಡೇ ನಿಂತಳು. ಹಳೆಯ ಟಯರೊಂದರ ಮೇಲೆ ಕುಳಿತಿದ್ದ ತಾತ ಆ ನೀರನ್ನು ಇಸಿದುಕೊಂಡು ಕುಡಿದ. ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಅಕ್ಕ ಅದನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ನನ್ನದು ನನಗೆ ವಾಪಸ್ ಬರಬೇಕು," ಎಂದಳು ಗುಡುಗಕ್ಕ. "ಮಿಲ್ಲಿನವರಿಗೆ ನಡೆದದ್ದನ್ನ ನೀವೇ ಬಾಯಿಬಿಟ್ಟು ಹೇಳಿ ತನ್ನಿ. ಅಲ್ಲಿವರೆಗೂ ಈ ಕಾರು ಇಲ್ಲಿಂದ ಕದಲಲ್ಲ, ನಿಮ್ಮ ಗ್ಯಾರೇಜಿಗೆ ಬೇರೆ ಗಾಡಿ ಬರಲ್ಲ." ಕೀಲಿಯನ್ನು ಜೇಬಿಗೆ ಹಾಕಿಕೊಂಡು, ತಾತನನ್ನು ಮೀಸೆಯವನ ಕಾರಿಗೆ ಹತ್ತಿಸಿ, ತಾನು ನಡೆದೇ ಮನೆಗೆ ಹೋದಳು.

ಬಂದ ಗಾಡಿಗಳೆಲ್ಲ ಬಾಗಿಲಲ್ಲೇ ತಿರುಗಿಹೋದವು. ಯಾಕೆ ಎಂದು ಕೇಳಿದವರಿಗೆಲ್ಲ ಎದುರು ಕಿಟಕಿಯವರೇ ಕತೆ ಹೇಳಿದರು. ಮರುದಿನ ಸಂಜೆಯಾಗುವಷ್ಟರಲ್ಲಿ ಭಾವ ಟರ್ಬೊವನ್ನು ಗೋಣಿಚೀಲದಲ್ಲಿ ಸುತ್ತಿ ತಂದ. ಮಿಲ್ಲಿನ ಯಜಮಾನ ಏನೆಂದನೋ ಯಾರಿಗೂ ತಿಳಿಯದು, ಭಾವನ ಕಿವಿ ಮಾತ್ರ ಕೆಂಪಾಗಿತ್ತು.

ಅವಳು ಅಂಚು ಸವರಿ, ಗಾಯ ನೋಡಿ, ಕಡ್ಡಿ ಆಡಿಸಿದಳು. ಭಾವ ಸ್ಪ್ಯಾನರಿಗೆ ಕೈಚಾಚಿದ. "ಕೊಡು, ಕೂರಿಸ್ತೀನಿ."

"ನೀವು ಮುಟ್ಟಬೇಡಿ. ಬಾಯಿ ನಿಮ್ಮದು, ಕೈ ನನ್ನದು. ಹೇಳಿ."

ಹೀಗೆ, ಆ ಗ್ಯಾರೇಜಿನ ಯಜಮಾನ ತನ್ನದೇ ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತು ಹೇಳುತ್ತಾ ಹೋದ, ಅವಳು ಮಾಡುತ್ತಾ ಹೋದಳು. ಎಣ್ಣೆ ತುಂಬಿದ ಪೈಪುಗಳನ್ನೆಲ್ಲ ತೊಳೆದಳು, ರೆಕ್ಕೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು, ಸುಟ್ಟ ಕ್ಲಚ್ಚನ್ನು ಬದಲಾಯಿಸಿದಳು. ಬೆರಳ ಗೆಣ್ಣು ಸುಲಿಯಿತು. ಬೈಗುಳ ನಿಲ್ಲಲಿಲ್ಲ, ನಟ್ಟು ಬಿಗಿಯಾದಾಗಲೆಲ್ಲ ನಟ್ಟನ್ನೂ ಭಾವನನ್ನೂ ಸೇರಿಸಿಯೇ ಬೈದಳು. ಗ್ಯಾರೇಜಿಗೆ ಎಂದೂ ಕಾಲಿಡದ ಅಕ್ಕ ಬಂದು ಟಾರ್ಚು ಹಿಡಿದಳು. ಟರ್ಬೊದ ಬುಡಕ್ಕೆ ಸೋರದಂತೆ ತಡೆಯುವ ಗ್ಯಾಸ್ಕೆಟ್ಟು ಇಡುವ ಹೊತ್ತಿಗೆ ಭಾವ, "ಹಳೇದೇ ನಡೆಯುತ್ತೆ" ಎಂದ.

"ಹೊಸದು ಕೊಡ್ರಿ," ಎಂದಳು ಅಕ್ಕ.

ದನಿ ಎತ್ತರಿಸಿರಲಿಲ್ಲ. ಆದರೆ ಅಷ್ಟು ವರ್ಷಗಳ ಸಂಸಾರದಲ್ಲಿ ಭಾವ ಆ ದನಿಯನ್ನು ಕೇಳಿರಲಿಲ್ಲ. ಹೋಗಿ ಹೊಸದು ತಂದ.

ಎಂಜಿನ್ ಬದುಕಿತು. ಕಾರು ಈಗ ಸೀಟು ಭರ್ತಿ ಇದ್ದರೂ ಏರನ್ನು ಒಂದೇ ಉಸಿರಿಗೆ ಹತ್ತುತ್ತದೆ, ಹಿಂದೆ ಹೊಗೆಯಿಲ್ಲ. ದರ್ಜಿ ತಾತ ಅದೇ ಮುಂದಿನ ಸೀಟಿನಲ್ಲಿ ಕೂರುತ್ತಾನೆ, ಎರಡನೆಯ ತಿರುವಿನಲ್ಲಿ ಮಾತ್ರ ಮಾತು ನಿಲ್ಲಿಸುತ್ತಾನೆ. ಕಾರು ಸರಿಯಾದರೆ ಸಿಟ್ಟೂ ಇಳಿಯುತ್ತದೆ ಎಂದು ಗುಡುಗಕ್ಕ ಅಂದುಕೊಂಡಿದ್ದಳು. ಇಳಿಯಲಿಲ್ಲ. ಅಕ್ಕ ಒಂದೆರಡು ಸಲ "ಹೋಗ್ಲಿ ಬಿಡು" ಎನ್ನಲು ಬಂದು, ಎನ್ನದೆ ಹೋದಳು.

ಒಂದು ಬೆಳಿಗ್ಗೆ ಭಾವನೇ ಸ್ಟ್ಯಾಂಡಿಗೆ ಬಂದ. ಹಲ್ಲುನೋವಿಗೆ ಕೆನ್ನೆ ಊದಿಕೊಂಡಿತ್ತು, ಮೇಲಿನ ಆಸ್ಪತ್ರೆಗೆ ಹೋಗಬೇಕಿತ್ತು. ಸಾಲಿನಲ್ಲಿ ಮುಂದೆ ಇದ್ದದ್ದು ಅವಳ ಕಾರೇ. ಅವಳು ಬಾಗಿಲು ತೆಗೆದಳು. ದಾರಿಯುದ್ದಕ್ಕೂ ಅವನು ಕಿವಿ ವಾಲಿಸಿ ಎಂಜಿನ್ನಿನ ಸದ್ದನ್ನೇ ಕೇಳಿಸಿಕೊಂಡ.

"ಚೆನ್ನಾಗಿ ಕೂತಿದೆ," ಎಂದ, ಊದಿದ ಬಾಯಿಯಿಂದ.

ಅವಳು ಗೇರು ಬದಲಾಯಿಸಿದಳು. ಆಸ್ಪತ್ರೆಯ ಗೇಟಿನಲ್ಲಿ ಇಳಿಯುತ್ತಾ ಕೇಳಿದ, "ಇನ್ನೂ ಸಿಟ್ಟಾ?"

"ಹೌದು."

ಅವನು ತಲೆಯಾಡಿಸಿ, ಕೆನ್ನೆ ಹಿಡಿದುಕೊಂಡು ಒಳಗೆ ನಡೆದ. ಅಷ್ಟರಲ್ಲಿ ಅವಳು ಕಾರು ತಿರುಗಿಸಿ, ಕೆಳಗೆ ಹೋಗುವವರು ಯಾರಾದರೂ ಇದ್ದೀರಾ ಎಂದು ಕೂಗತೊಡಗಿದ್ದಳು.