ಡ್ರೆಸ್ಸರ್ ಚನ್ನಪ್ಪನವರ ಥೂ

ಚನ್ನಪ್ಪನವರದು ಯಾವಾಗಲೂ ಕಮಟು ಕೊಬ್ಬರಿ ಕಚ್ಚಿದವರ ಮುಖ. ಬಾಯಿ ಒಂದು ಕಡೆಗೆ ಸೊಟ್ಟ, ಮೂಗಿನ ಹೊಳ್ಳೆ ಮೇಲಕ್ಕೆ, ಮಾತಿಗೆ ಮುಂಚೆ ಒಂದು ‘ಥೂ’. ಮೊಪೆಡ್ ಸ್ಟಾರ್ಟ್ ಆಗದಿದ್ದರೆ ಥೂ, ಕಾಫಿಗೆ ಸಕ್ಕರೆ ಹೆಚ್ಚಾದರೆ ಥೂ, ಜನ ಕಂಡರಂತೂ ಎರಡು ಥೂ. ಪುಣ್ಯಕ್ಕೆ ಉಗುಳುತ್ತಿರಲಿಲ್ಲ, ಬರೀ ಸದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಜನರ ಗಾಯಕ್ಕೆ ಪಟ್ಟಿ ಕಟ್ಟಿ ಕಟ್ಟಿ ರಿಟೈರ್ ಆದವರು, ದಂಡಿನಶಿವರದಲ್ಲಿ ಮನೆ. ನನಗೆ ಹನ್ನೊಂದು ವರ್ಷವಾಗಿದ್ದಾಗ ದಿನ ಬಿಟ್ಟು ದಿನ ಬಿಳಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ಬಂದು ನನ್ನ ಸುಟ್ಟ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದರು.

ನಮ್ಮದು ಕೊಬ್ಬರಿ ಮನೆ. ಕೊಬ್ಬರಿ ತೆಗೆದು ಉಳಿದ ಚಿಪ್ಪನ್ನು ತೋಟದ ಹಿಂದೆ ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುತ್ತಿದ್ದರು. ಮೇಲೆ ಬೂದಿ ಮುಚ್ಚಿ ತಣ್ಣಗೆ ಕಾಣುತ್ತಿದ್ದ ಆ ಗುಂಡಿಯ ಅಂಚಿನಲ್ಲಿ ನನ್ನ ಕಾಲು ಜಾರಿತು. ಬಲಗೆನ್ನೆ, ಕುತ್ತಿಗೆ, ಬಲಗೈ ಸುಟ್ಟವು. ಎತ್ತಿಕೊಂಡು ಬಂದವರು ಮಾಡಿದ ಮೊದಲ ಕೆಲಸವೆಂದರೆ ಮನೆಯ ಕೊಬ್ಬರಿ ಎಣ್ಣೆಯನ್ನು ತಂಬಿಗೆಗಟ್ಟಲೆ ನನ್ನ ಮೇಲೆ ಸುರಿದದ್ದು. ನಮ್ಮ ಕಡೆ ತಲೆನೋವಿಗೂ ಅದೇ, ಬಾಣಂತನಕ್ಕೂ ಅದೇ, ಬೆಂಕಿಗೂ ಅದೇ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹಸಿ ಗಾಯದಿಂದ ಆ ಎಣ್ಣೆಯನ್ನು ಬಳಿದು ಬಳಿದು ತೆಗೆದರು. ಇದನ್ನು ಕೇಳಿ ಚನ್ನಪ್ಪನವರು ನಮ್ಮ ಅಜ್ಜಿಯ ಎದುರೇ, “ಥೂ! ಎಣ್ಣೆ ಐತೆ ಅಂತ ಮಗೀನ ಬೋಂಡ ಮಾಡಕ್ ಹೊಂಟಿದ್ರೇನಮ್ಮ?” ಅಂದರು. ಅಜ್ಜಿ ವಾರಪೂರ್ತಿ ಅವರಿಗೆ ಕಾಫಿ ಕೊಡಲಿಲ್ಲ.

ಎರಡು ತಿಂಗಳ ಮೇಲೆ ನಾನು ಮನೆಗೆ ಬಂದೆ. ನೋಡಿಕೊಂಡು ಹೋಗಲು ಜನ ಬರತೊಡಗಿದರು. ಹೋಗದಿದ್ದರೆ ತಪ್ಪು ತಿಳಿಯುತ್ತಾರೆ ಅನ್ನುವ ನಮ್ಮ ಮರ್ಯಾದೆ ಎಷ್ಟು ಹೊಲಸು ಅನ್ನುವುದು ಹಾಸಿಗೆಯಲ್ಲಿ ಬಿದ್ದವರಿಗೇ ಗೊತ್ತು. ಒಂದು ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದು ಬಂದು, ಕುರ್ಚಿ ಎಳೆದುಕೊಂಡು ಕೂತು ಲೊಚಗುಟ್ಟುವುದು.

“ಹೆಣ್ ಮಗ ಕಣೇ. ಗಂಡಾಗಿದ್ರೆ ಹೆಂಗೋ ಆಗೋದು.”

“ಚರ್ಮ ಎಲ್ಲಿಂದ ತೆಗ್ದು ಹಾಕುದ್ರು? ತೊಡೆಯಿಂದಾ? ವಸಿ ತೋರ್ಸವ್ವ.”

ಹೊದಿಕೆ ಎತ್ತಿ ನೋಡುತ್ತಿದ್ದರು. ಆಮೇಲೆ ಹಜಾರಕ್ಕೆ ಹೋಗಿ ಉಪ್ಪಿಟ್ಟು ತಿನ್ನುತ್ತಿದ್ದರು. ನನ್ನ ಕಿವಿ ಸುಟ್ಟಿಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಮನೆಯ ಕನ್ನಡಿಗಳನ್ನೆಲ್ಲ ಬಚ್ಚಿಟ್ಟು, ಬೀರುವಿನ ಕನ್ನಡಿಗೆ ಹಳೆ ಪಂಚೆ ಕಟ್ಟಿದ್ದರು. “ನೀನು ಮೊದ್ಲಿನಂಗೇ ಇದೀಯ ಕಣಮ್ಮ” ಎಂದು ಹೇಳಿದ ಅಮ್ಮ ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ನಾನು ಮಾತು ಬಿಟ್ಟೆ. ಹಠವಲ್ಲ, ಯಾರ ಹತ್ತಿರ ಏನು ಮಾತಾಡುವುದು ಅಂತಲೇ ತಿಳಿಯುತ್ತಿರಲಿಲ್ಲ.

ಚನ್ನಪ್ಪನವರು ಮೊದಲ ದಿನ ಬಂದು ನನ್ನ ಮುಖವನ್ನು ನೆಟ್ಟಗೆ ನೋಡಿದರು. ಲೊಚಗುಟ್ಟಲಿಲ್ಲ.

“ಅಮ್ಮಣ್ಣಿ, ಪಟ್ಟಿ ಬಿಚ್ತೀನಿ. ಉರೀತದೆ. ಉರಿಯಾಕಿಲ್ಲ ಅನ್ನೋರು ಸುಳ್ರು. ನೀನು ಎಡಗೈ ಎತ್ತುದ್ರೆ ನಿಲ್ಲುಸ್ತೀನಿ, ಇಳುಸುದ್ರೆ ಶುರು ಮಾಡ್ತೀನಿ. ಮೇಸ್ತ್ರಿ ನೀನು, ಕೂಲಿ ನಾನು.”

ಹದಿನಾಲ್ಕು ಸಲ ಕೈ ಎತ್ತಿದೆ, ಅರ್ಧ ನೋವಿಗೆ, ಅರ್ಧ ಈ ಮುದುಕ ನಿಜ ಹೇಳುತ್ತಿದ್ದಾನೋ ಇಲ್ಲವೋ ನೋಡಲು. ಹದಿನಾಲ್ಕು ಸಲವೂ ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪ, “ಹಿಂಗಾದ್ರೆ ಸಂಜೆ ಆಯ್ತದೆ, ಒಂದೇ ಸಲ ಎಳ್ದ್ ಬುಡಿ ಅತ್ಲಾಗೆ” ಅಂದ.

“ಥೂ! ನಿಮ್ಮ ಎದೆ ಕೂದ್ಲಿಗೆ ಪಟ್ಟಿ ಅಂಟುಸ್ತೀನಿ ಬನ್ರೀ, ಒಂದೇ ಸಲ ಎಳೀತೀನಿ.”

ನಾನು ನಕ್ಕೆ. ಕೆನ್ನೆಯ ಚರ್ಮ ಬಿಗಿದು ಪ್ರಾಣ ಹೋದಂತಾಯಿತು, ಆದರೂ ನಕ್ಕೆ. 

ಮನೆಯವರೆಲ್ಲ “ಅದನ್ನ ಮರ್ತ್‌ಬುಡು” ಅನ್ನುತ್ತಿದ್ದರು. ಅವರೊಬ್ಬರೇ ಒಂದು ದಿನ ಹತ್ತಿ ಒತ್ತುತ್ತಾ ಕೇಳಿದರು: “ಬಿದ್ದಾಗ ಏನು ಅನ್ಕಂಡೆ?” ನನ್ನ ಬಾಯಿಂದ ಮಾತು ಬಂದದ್ದು ಆವತ್ತೇ. ಹೊಸ ಲಂಗ ಹಾಳಾಯಿತು, ಅಮ್ಮ ಹೊಡೆಯುತ್ತಾಳೆ ಅಂತ ಹೆದರಿದೆ ಅಂದೆ. ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತೆ. ಅವರು ಸುಮ್ಮನಿರು ಅನ್ನಲಿಲ್ಲ. ಅಳು ಮುಗಿಯುವವರೆಗೆ ಹತ್ತಿ ಹಿಡಿದು ಕೂತಿದ್ದರು.

ಅಷ್ಟರಲ್ಲಿ, ನನ್ನನ್ನು ನೋಡಲು ಬಂದು ನಮ್ಮಲ್ಲೇ ಉಳಿದಿದ್ದ ತಿಪಟೂರಿನ ದೊಡ್ಡಪ್ಪ ತಮ್ಮ ಘನಕಾರ್ಯ ಮಾಡಿದರು. ಪಟ್ಟಿ ಬಿಚ್ಚಿದ್ದ ಹೊತ್ತಿನಲ್ಲಿ ಬಾಗಿಲ ಸಂದಿಯಿಂದ ಫೋನಿನಲ್ಲಿ ನನ್ನ ಫೋಟೋ ತೆಗೆದು, ‘ಈ ಕಂದನಿಗಾಗಿ ಪ್ರಾರ್ಥಿಸಿ’ ಎಂದು ಬರೆದು, ಕೆಳಗೆ ಮೂರು ಜೊತೆ ಮುಗಿದ ಕೈ ಇಟ್ಟು, ನೆಂಟರ ವಾಟ್ಸಾಪ್ ಗುಂಪಿಗೆ ಬಿಟ್ಟರು. ಅದು ಊರೂರು ಸುತ್ತಿ ದಂಡಿನಶಿವರದ ಟೀ ಅಂಗಡಿಯಲ್ಲಿ ಚನ್ನಪ್ಪನವರ ಕಣ್ಣಿಗೆ ಬಿತ್ತು. ಬಂದವರು ಅಂಗಳದಲ್ಲೇ ದೊಡ್ಡಪ್ಪನ ಎದುರು ನಿಂತರು.

“ಥೂ! ಮಗೀನ ಒಂದ್ ಮಾತು ಕೇಳುದ್ರೇನ್ರೀ? ನೀವು ಬಚ್ಚಲಾಗೆ ಕೂತಿರೋ ಫೋಟೋ ಹಾಕ್ಲಾ, ಪ್ರಾರ್ಥನೆ ಮಾಡ್ಲಿ ಜನ?”

“ಒಳ್ಳೇದಕ್ಕೇ ಹಾಕಿದ್ದು ಕಣ್ರೀ,” ಅಂದರು ದೊಡ್ಡಪ್ಪ. ಅಂಥವರು ಯಾವತ್ತೂ ಒಳ್ಳೆಯದಕ್ಕೇ ಹಾಕುವುದು. ಅಳಿಸಿದರು, ಆದರೆ ಏನು ಪ್ರಯೋಜನ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಜನವೆಲ್ಲ ನನ್ನ ಮುಖ ನೋಡಿಯಾಗಿತ್ತು. ನೋಡದೆ ಉಳಿದವಳು ನಾನೊಬ್ಬಳೇ.

ಆವತ್ತು ಚನ್ನಪ್ಪನವರಿಗೆ, “ನಂಗೆ ಕನ್ನಡಿ ಬೇಕು” ಅಂದೆ.

“ಯೋಚ್ನೆ ಮಾಡು. ನಾಡಿದ್ದು ಬತ್ತೀನಲ್ಲ, ಆಗ್ಲೂ ಬೇಕು ಅಂದ್ರೆ ಕೊಡ್ತೀನಿ.”

ನಾಡಿದ್ದೂ ಬೇಕು ಅಂದೆ. ಅವರು ಗಡ್ಡ ಹೆರೆದುಕೊಳ್ಳುವ ಪುಟ್ಟ ಕನ್ನಡಿ ತಂದಿದ್ದರು. ಕೈಗೆ ಕೊಡುವ ಮುಂಚೆ ಏನು ಕಾಣುತ್ತದೆಂದು ಹೇಳಿದರು. “ಎಡಗಡೆ ಮೊದ್ಲಿನಂಗೇ ಐತೆ. ಬಲಗಡೆ ಕೆಂಪು, ಸುಕ್ಕು ಸುಕ್ಕು. ಕೆಂಪು ಇಳೀತದೆ. ಸುಕ್ಕು ಪೂರ್ತಿ ಹೋಗಾಕಿಲ್ಲ. ಮೊದ್ಲು ಕಣ್ಣು ನೋಡ್ಕೊ, ಆಮೇಲೆ ಕೆನ್ನೆ.”

ಕಣ್ಣು ನೋಡಿಕೊಂಡೆ. ಆಮೇಲೆ ಕೆನ್ನೆ ನೋಡಿ ಕಿಟಾರನೆ ಕಿರುಚಿದೆ.

ಅಪ್ಪ ನುಗ್ಗಿ ಬಂದ. “ಯಾವನು ಇದನ್ನ ತೋರ್ಸಿದ್ದು?” ಅವನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ನಾನು ಚನ್ನಪ್ಪನವರತ್ತ ಬೆರಳು ಮಾಡಿ, “ಬ್ಯಾಡ ಬ್ಯಾಡ ಅಂದ್ರೂ ತೋರುಸುದ್ರು” ಅಂದೆ.

ಅವರು ಇಲ್ಲ ಅನ್ನಲಿಲ್ಲ. ಅಪ್ಪನ ಬೈಗುಳ ಕೇಳಿಸದವರ ಹಾಗೆ, “ಪಟ್ಟಿ ಅರ್ಧಕ್ಕೆ ನಿಂತೈತೆ, ಕಟ್‌ಬುಟ್ಟು ಹೋಯ್ತೀನಿ” ಎಂದು ಕೂತರು. ನಾನು ಒಂದು ಸಲ ಕೈ ಎತ್ತಿದೆ. ಆಗಲೂ ನಿಲ್ಲಿಸಿದರು. ಕಟ್ಟಿ ಮುಗಿಸಿ ಪೆಟ್ಟಿಗೆ ಮುಚ್ಚಿಕೊಂಡು ಹೋದರು, ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅವರ ಬದಲು ಬಂದವನು ಒಂದೇ ಸಲ ಎಳೆಯುವವನು. ಆದರೆ ಮುಖ ನೋಡಿಕೊಂಡಾಗಿತ್ತು. ಮಲಗಿದಲ್ಲೇ ನಾನು ಕಲ್ಪಿಸಿಕೊಳ್ಳುತ್ತಿದ್ದ ಮುಖಕ್ಕಿಂತ ಅದು ಎಷ್ಟೋ ವಾಸಿ ಇತ್ತು. ಜೂನ್‌ನಲ್ಲಿ ನಾನೇ ಬ್ಯಾಗ್ ಹಾಕಿಕೊಂಡು ಸ್ಕೂಲಿಗೆ ಹೋದೆ.

ಅವರನ್ನು ಕೊನೆಯ ಸಲ ನೋಡಿದ್ದು ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ. ನಾನಾಗ ಕಾಲೇಜು. ಅವರೇ ಗುರುತು ಹಿಡಿದು ಕೂಗಿದರು. ಮೊದಲಿನ ಹಾಗೇ ನೆಟ್ಟಗೆ ಕೆನ್ನೆ ನೋಡಿ, “ಕೆಂಪು ಇಳಿದೈತೆ. ಹೇಳಿರ್ಲಿಲ್ವಾ?” ಅಂದರು. ಕ್ಷಮಿಸಿ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ಬಸ್ಸೂ ಬಂತು. “ಬರ್ತೀನಿ ತಾತ” ಎಂದು ಹತ್ತಿ ಕೂತೆ.

ಈ ಸಲ ಕಾರ್ತಿಕದಲ್ಲಿ ಅವರು ಹೋದರೆಂದು ಫೋನ್ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಮುದ್ದೆ ಮುರಿಯುತ್ತಾ, “ಯಾರು, ಮಗೀಗೆ ಕನ್ನಡಿ ತೋರ್ಸಿದ್ನಲ್ಲ, ಆ ಕಟುಕನಾ?” ಅಂದ.

“ಅಪ್ಪ, ಕನ್ನಡಿ ನಾನೇ ಕೇಳಿದ್ದು. ಎರಡು ಸಲ ಕೇಳಿದ್ದೆ. ಅವತ್ತು ಹೇಳಿದ್ದು ಸುಳ್ಳು.”

ಅಪ್ಪ ತಲೆ ಎತ್ತಲಿಲ್ಲ. “ಗೊತ್ತು ಕಣವ್ವ. ಎರಡು ದಿನಾನೂ ಬಾಗ್ಲಾಚೆನೇ ನಿಂತಿದ್ದೆ.”

“ಗೊತ್ತಿದ್ದೂ ಅವರನ್ನ ಓಡಿಸಿದೆಯಾ?”

“ನೀನು ಕಿರುಚ್ಕಂಡೆ. ನನ್ ಕೈಲಿ ತಡೆಯಕ್ಕಾಗ್ಲಿಲ್ಲ. ಯಾರನ್ನಾರ ಬಯ್ಬೇಕಿತ್ತು, ಬಯ್ದೆ. ಈಗ್ಯಾಕೆ ಬುಡು.”

ಅವನ ಮೇಲೆ ಅಸಹ್ಯವಾಯಿತು. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಹನ್ನೊಂದರಲ್ಲಿ ಹೆದರಿ ಸುಳ್ಳು ಹೇಳಿದೆ, ಸರಿ. ಇಪ್ಪತ್ತರಲ್ಲಿ ಆ ಮನುಷ್ಯ ಎದುರಿಗೇ ನಿಂತಿದ್ದಾಗ ಬಾಯಿಗೇನು ಬಂದಿತ್ತು ನನಗೆ?

“ಏಳು, ಮಣ್ಣಿಗೆ ಹೋಗಿ ಬರೋಣ” ಅಂದೆ.

“ಹೋಗಿ ಏನು ಅಂತ ಹೇಳ್ಲವ್ವ ಅವ್ರ ಮನೆಯೋರ್ಗೆ?” ಎಂದು ಅಪ್ಪ ತಟ್ಟೆಯ ಮುಂದೆಯೇ ಕೂತ.

ನಾನೊಬ್ಬಳೇ ಬಸ್ಸು ಹತ್ತಿದೆ. ದಂಡಿನಶಿವರದಲ್ಲಿ ಇಳಿದು ಅವರ ಹೊಲ ಕೇಳಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮುಚ್ಚಿ, ಜನ ಕೈಕಾಲು ತೊಳೆದುಕೊಳ್ಳುತ್ತಿದ್ದರು.